ಆಜ್ಞೆಯೂ ಅಂತಃಕರಣವೂ: ‘ಬಿಲ್ಲಿ ಬಡ್’ ಕಥೆಯ ಹಿಂದಿನ ಚರಿತ್ರೆ

ನೆಲದ ಮೇಲೆ ದೊರೆಯ ಆಜ್ಞೆಗೂ ಪ್ರಜೆಯ ಕೊರಳಿಗೂ ನಡುವೆ ಹಲವು ಮೆಟ್ಟಿಲುಗಳುಂಟು. ಊರ ಹಿರಿಯರುಂಟು, ನ್ಯಾಯಸ್ಥಾನವುಂಟು, ಅದರ ಮೇಲೊಂದು ನ್ಯಾಯಸ್ಥಾನವುಂಟು. ಏನೂ ಸಾಗದಿದ್ದರೆ ಊರು ಬಿಟ್ಟು ಹೋಗುವ ದಾರಿಯಾದರೂ ಉಂಟು. ಹಾಯಿಹಡಗುಗಳ ಕಾಲದಲ್ಲಿ ನಡುಗಡಲಿನ ನಾವಿಕನಿಗೆ ಇವೊಂದೂ ಇರಲಿಲ್ಲ. ಸುತ್ತಲೂ ನೀರು, ಕಾಲ ಕೆಳಗೆ ನಾಲ್ಕು ಹಲಗೆ; ಆ ಹಲಗೆಗಳ ಮೇಲೆ ಕಪ್ತಾನನೇ ದೊರೆ, ಅವನೇ ದಂಡಾಧಿಕಾರಿ. ಅವನ ಮಾತಿಗೆ ಎಲ್ಲರೂ ಒಟ್ಟಾಗಿ ಬಾಗದಿದ್ದರೆ ಬಿರುಗಾಳಿಯೊಂದೇ ಸಾಕು, ನೂರಾರು ಜನರ ಪ್ರಾಣ ಹೋದೀತು. ಆದುದರಿಂದ ಕಡಲಿನಲ್ಲಿ ವಿಧೇಯತೆಯೆಂಬುದು ಬರಿಯ ಗುಣವಲ್ಲ, ಬದುಕುವ ಉಪಾಯ. ಆದರೆ ಆಜ್ಞೆಯೇ ಅನ್ಯಾಯವಾದಾಗ, ಅದು ಅನ್ಯಾಯವೆಂದು ಕೊಡುವವನಿಗೂ ನಡಸುವವನಿಗೂ ತಿಳಿದಿರುವಾಗ, ಏನು ಗತಿ? ಈ ಧರ್ಮಸಂಕಟವನ್ನು ಅಮೆರಿಕದ ಗ್ರಂಥಕರ್ತ ಹರ್ಮನ್ ಮೆಲ್ವಿಲನಷ್ಟು ನಿಷ್ಠುರವಾಗಿ ಎದುರಿಸಿದವರು ವಿರಳ.

‘ಮೋಬಿ ಡಿಕ್’ ಎಂಬ ತಿಮಿಂಗಿಲದ ಮಹಾಕಥೆಯನ್ನು ೧೮೫೧ರಲ್ಲಿ ಪ್ರಕಟಿಸಿದ ಮೆಲ್ವಿಲನು ಬದುಕಿದ್ದಾಗಲೇ ಮರೆತುಹೋದ ಲೇಖಕನಾಗಿದ್ದನು. ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ ೧೯ ವರ್ಷ ತನಿಖೆದಾರನಾಗಿ ದುಡಿದು, ೧೮೮೫ರ ಕೊನೆಯಲ್ಲಿ ಕೆಲಸ ಬಿಟ್ಟ ಮೇಲೆ, ಆತನು ಮತ್ತೆ ಗದ್ಯಕಥೆಯೊಂದಕ್ಕೆ ಕೈಹಾಕಿದನು. ಬರೆದು, ಹೊಡೆದು, ಮತ್ತೆ ಬರೆದು ಐದು ವರ್ಷ ಅದನ್ನು ತಿದ್ದುತ್ತಲೇ ಇದ್ದನು. ೧೮೯೧ರ ಸೆಪ್ಟೆಂಬರ್ ೨೮ರಂದು ಆತನು ತೀರಿಕೊಂಡಾಗ ಕಥೆ ಕೈಬರಹದಲ್ಲಿಯೇ ಉಳಿದಿತ್ತು. ೧೯೧೯ರಲ್ಲಿ ರೇಮಂಡ್ ವೀವರ್ ಎಂಬ ವಿದ್ವಾಂಸನಿಗೆ ಆ ಹಾಳೆಗಳು ದೊರೆತು, ೧೯೨೪ರಲ್ಲಿ ಅವು ಮೊದಲ ಸಲ ಅಚ್ಚಾದುವು. ಅದೇ ‘ಬಿಲ್ಲಿ ಬಡ್’.

ಕಥೆಯು ಚಿಕ್ಕದು. ೧೭೯೭ರ ಬೇಸಗೆ, ಇಂಗ್ಲೆಂಡಿಗೂ ಕ್ರಾಂತಿಯ ಫ್ರಾನ್ಸಿಗೂ ಯುದ್ಧ. ‘ಮಾನವನ ಹಕ್ಕುಗಳು’ ಎಂಬ ಅರ್ಥದ ಹೆಸರುಳ್ಳ ವ್ಯಾಪಾರದ ಹಡಗಿನಿಂದ ಬಿಲ್ಲಿ ಬಡ್ ಎಂಬ ೨೧ ವರ್ಷದ ತರುಣನನ್ನು ಯುದ್ಧನೌಕೆಯವರು ಬಲವಂತವಾಗಿ ಎತ್ತಿಕೊಂಡು ಹೋಗುತ್ತಾರೆ. ಆತನು ತಾಯಿತಂದೆಯರನ್ನರಿಯದ ಅನಾಥ. ರೂಪವಂತ, ಸರಳ, ಎಲ್ಲರಿಗೂ ಬೇಕಾದವನು. ಅವನಲ್ಲಿರುವ ಒಂದೇ ಊನವೆಂದರೆ, ಮನಸ್ಸು ಕಲಕಿದಾಗ ನಾಲಗೆ ತೊಡರಿ ಮಾತು ಹೊರಡದು. ಹಡಗಿನೊಳಗಿನ ಪೊಲೀಸು ಅಧಿಕಾರಿಯಾದ ಕ್ಲಾಗರ್ಟನಿಗೆ ಈ ನಿರ್ಮಲತೆಯನ್ನು ಕಂಡರಾಗದು. ಬಿಲ್ಲಿ ದಂಗೆಗೆ ಸಂಚು ಹೂಡುತ್ತಿದ್ದಾನೆಂದು ಆತನು ಕಪ್ತಾನ ವೀರನಲ್ಲಿ ದೂರುತ್ತಾನೆ. ಕಪ್ತಾನನು ಇಬ್ಬರನ್ನೂ ತನ್ನ ಕೋಣೆಗೆ ಕರೆಸಿ ಎದುರುಬದುರು ನಿಲ್ಲಿಸಿದಾಗ, ಸುಳ್ಳು ದೂರನ್ನು ಕೇಳಿದ ಬಿಲ್ಲಿಗೆ ಬಾಯಿ ಬಾರದು. ಬಾರದ ಮಾತಿಗೆ ಬದಲಾಗಿ ತೋಳು ಬೀಸುತ್ತದೆ. ಒಂದೇ ಏಟಿಗೆ ಕ್ಲಾಗರ್ಟ್ ಸತ್ತು ಬೀಳುತ್ತಾನೆ. ಕಂಡ ಸಾಕ್ಷಿ ಕಪ್ತಾನನೊಬ್ಬನೇ. ಬಿಲ್ಲಿ ನಿರ್ದೋಷಿಯೆಂದು ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಆದರೂ ಆ ದಿನವೇ ಮೂವರು ಅಧಿಕಾರಿಗಳ ಸಭೆಯನ್ನು ಕೂಡಿಸಿ, ಅವರ ಮನಸ್ಸು ಕರುಣೆಯ ಕಡೆಗೆ ವಾಲಿದಾಗ ತಾನೇ ವಾದಿಸಿ, ಮರಣದಂಡನೆಯನ್ನು ಕೊಡಿಸುತ್ತಾನೆ. ಮರುದಿನದ ಅರುಣೋದಯದಲ್ಲಿ ಬಿಲ್ಲಿಯನ್ನು ಹಾಯಿಯ ಅಡ್ಡಮರಕ್ಕೆ ನೇಣುಹಾಕುತ್ತಾರೆ. ಸಾಯುವವನ ಬಾಯಿಂದ ಬಂದ ಕಡೆಯ ಮಾತು ಕಪ್ತಾನನಿಗೆ ಹರಕೆ, ತೊಡರದ ಮಾತು.

ಇದನ್ನು ಓದಿದವರು ಸಾಮಾನ್ಯವಾಗಿ ಕಪ್ತಾನನ ಪಕ್ಷ, ಬಿಲ್ಲಿಯ ಪಕ್ಷವೆಂದು ಎರಡಾಗುತ್ತಾರೆ. ಶಾಸನವು ಕಠೋರ, ಕಪ್ತಾನನು ಅದರ ಸೆರೆಯಾಳು, ಅವನೇನು ಮಾಡಿಯಾನು ಎಂಬುದು ಒಂದು ಮಾತು. ನಿರಪರಾಧಿಯನ್ನು ಕೊಲ್ಲುವ ಶಾಸನಕ್ಕೆ ಬಾಗುವವನು ಕೊಲೆಗಾರನೇ ಎಂಬುದು ಇನ್ನೊಂದು. ಆದರೆ ಎರಡು ಪಕ್ಷದವರೂ ಕಪ್ತಾನನ ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಬಿಡುತ್ತಾರೆ. ಅದೇನೆಂದರೆ, ಆತನಿಗೆ ಬೇರೆ ದಾರಿಯಿರಲಿಲ್ಲವೆಂಬುದು. ಈ ಮಾತಿನ ತೂಕವನ್ನು ಅಳೆಯಬೇಕಾದರೆ ಕಥೆಯ ಹಿಂದಿರುವ ಚರಿತ್ರೆಯನ್ನು ನೋಡಬೇಕು.

ಮೊದಲನೆಯದು ೧೭೯೭ರ ಚರಿತ್ರೆ. ಆ ವರ್ಷದ ಏಪ್ರಿಲ್ ೧೬ರಂದು ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್ ಎಂಬಲ್ಲಿ ಲಂಗರು ಹಾಕಿದ್ದ ಇಂಗ್ಲಿಷ್ ನೌಕಾದಳದ ನಾವಿಕರು, ಹಾಯಿಯೆತ್ತಿ ಹೊರಡಿರೆಂಬ ಆಜ್ಞೆಯನ್ನು ಪಾಲಿಸಲಿಲ್ಲ. ಅವರ ಬೇಡಿಕೆಗಳನ್ನು ನೋಡಿದರೆ ಇದು ದಂಗೆಯೋ ಮನವಿಯೋ ಎಂದು ಸಂದೇಹವಾಗುತ್ತದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಗೊತ್ತಾದ ಸಂಬಳವೇ ಸುಮಾರು ೧೪೦ ವರ್ಷಗಳ ತರುವಾಯವೂ ನಡೆದುಬರುತ್ತಿತ್ತು. ೧೬ ಔನ್ಸಿಗೆ ಒಂದು ಪೌಂಡೆಂಬುದು ಲೋಕದ ಲೆಕ್ಕ. ನಾವಿಕನಿಗೆ ಸಾಮಾನು ಅಳೆದುಕೊಡುವಾಗ ೧೪ ಔನ್ಸೇ ಒಂದು ಪೌಂಡು. ಗಾಯಗೊಂಡು ಮಲಗಿದವನಿಗೆ ಸಂಬಳವಿಲ್ಲ. ಈ ದಂಗೆಕೋರರು ಹಡಗುಗಳಲ್ಲಿ ಶಿಸ್ತನ್ನು ಕಟ್ಟುನಿಟ್ಟಾಗಿ ಕಾಪಾಡಿದರು; ಫ್ರೆಂಚರ ದಳವು ಹೊರಟುಬಂದರೆ ತಾವೂ ಹೊರಟು ಕಾದುವೆವೆಂದು ಮಾತು ಕೊಟ್ಟರು. ಕಡೆಗೆ ವೃದ್ಧ ಸೇನಾಪತಿ ಲಾರ್ಡ್ ಹೋನು ಹಡಗಿನಿಂದ ಹಡಗಿಗೆ ಹೋಗಿ ಅವರೊಡನೆ ಮಾತನಾಡಿದನು. ಸಂಬಳ ಏರಿತು, ದೊರೆಯ ಕ್ಷಮೆ ದೊರೆಯಿತು. ಕ್ರೂರರೆಂದು ಹೆಸರಾದ ಅನೇಕ ಅಧಿಕಾರಿಗಳನ್ನು ದಡಕ್ಕೆ ಕಳಿಸಿದರು. ಯಾರ ಕೊರಳಿಗೂ ಹಗ್ಗ ಬೀಳಲಿಲ್ಲ.

ಆದರೆ ಮೇ ೧೨ರಂದು ಥೇಮ್ಸ್ ನದಿಯ ಮುಖದಲ್ಲಿರುವ ನೋರ್ ಎಂಬಲ್ಲಿ ಎದ್ದ ಎರಡನೆಯ ದಂಗೆಯ ಕಥೆ ಬೇರೆಯಾಯಿತು. ಅಲ್ಲಿನವರು ಲಂಡನ್ನಿನ ವ್ಯಾಪಾರದ ದಾರಿಯನ್ನೇ ಕಟ್ಟಿದರು. ಸರ್ಕಾರವು ಈ ಸಲ ಮಣಿಯಲಿಲ್ಲ. ಜೂನ್ ತಿಂಗಳಿನಲ್ಲಿ ದಂಗೆ ಮುರಿದುಬಿದ್ದಿತು. ಅದರ ಮುಖಂಡನಾದ ರಿಚರ್ಡ್ ಪಾರ್ಕರನನ್ನು ಜೂನ್ ೩೦ರಂದು ‘ಸ್ಯಾಂಡ್‌ವಿಚ್’ ಎಂಬ ಹಡಗಿನ ಮೇಲೆ ಗಲ್ಲಿಗೇರಿಸಿದರು. ಇತರ ಹಲವರಿಗೂ ಅದೇ ಗತಿಯಾಯಿತು. ಬಿಲ್ಲಿಯ ಕಥೆ ನಡೆಯುವುದು ಇದಾದ ಕೆಲವೇ ವಾರಗಳಲ್ಲಿ. ಅಧಿಕಾರಿಗಳು ತಮ್ಮ ಹಡಗಿನ ಜನರನ್ನೇ ಅಂಜಿಕೆಯಿಂದ ನೋಡುತ್ತಿದ್ದ ಕಾಲವದು. ಆ ಅಂಜಿಕೆ ಬರಿಯ ಕಲ್ಪನೆಯಾಗಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ವೆಸ್ಟ್ ಇಂಡೀಸ್ ಸಮುದ್ರದಲ್ಲಿ ‘ಹರ್ಮಯೋನಿ’ ಎಂಬ ಹಡಗಿನ ನಾವಿಕರು, ಚಾವಟಿಯೇಟಿಗೆ ಹೆಸರಾಗಿದ್ದ ಕಪ್ತಾನ ಪಿಗಾಟನನ್ನೂ ಅನೇಕ ಅಧಿಕಾರಿಗಳನ್ನೂ ಕೊಂದು ಹಡಗನ್ನು ಶತ್ರುಗಳಾದ ಸ್ಪೇನಿನವರಿಗೆ ಒಪ್ಪಿಸಿದರು.

ಇನ್ನು ಶಾಸನದ ಮಾತು. ೧೭೪೯ರ ನೌಕಾಶಾಸನದ ಪ್ರಕಾರ ಕರ್ತವ್ಯದಲ್ಲಿರುವ ಮೇಲಧಿಕಾರಿಯನ್ನು ಹೊಡೆದವನಿಗೆ ಮರಣವೇ ಶಿಕ್ಷೆ. ಯಾವ ನೆವವೂ ಅಲ್ಲಿ ಸಲ್ಲದು. ಇಷ್ಟರಮಟ್ಟಿಗೆ ಕಪ್ತಾನ ವೀರನ ವಾದ ಸರಿ. ಆದರೆ ಅದೇ ಶಾಸನವು ಇನ್ನೊಂದು ಮಾತನ್ನೂ ಹೇಳುತ್ತದೆ. ಅಂತಹ ಅಪರಾಧವನ್ನು ವಿಚಾರಿಸಬೇಕಾದುದು ಐವರಿಗೆ ಕಡಿಮೆಯಿಲ್ಲದ, ಹದಿಮೂವರಿಗೆ ಮೀರದ ಹಿರಿಯ ನೌಕಾಧಿಕಾರಿಗಳ ಸಭೆ. ಆ ಸಭೆಯು ಮರಣದಂಡನೆಯನ್ನು ವಿಧಿಸಿದರೂ ಅದು ದಳದ ಮುಖ್ಯಾಧಿಕಾರಿಯ ಅಪ್ಪಣೆಯಿಲ್ಲದೆ ನಡೆಯುವಂತಿಲ್ಲ. ತನ್ನ ಕೈಕೆಳಗಿನ ಮೂವರನ್ನು ಕೋಣೆಯಲ್ಲಿ ಕೂಡಿಸಿ, ತಾನೇ ಸಾಕ್ಷಿಯೂ ತಾನೇ ವಾದಿಯೂ ಆಗಿ, ಒಂದು ರಾತ್ರಿಯೊಳಗೆ ಪ್ರಾಣ ತೆಗೆಯುವ ಅಧಿಕಾರವನ್ನು ಶಾಸನವು ಯಾವ ಕಪ್ತಾನನಿಗೂ ಕೊಟ್ಟಿರಲಿಲ್ಲ. ಮೆಲ್ವಿಲನಿಗೆ ಇದು ತಿಳಿದಿತ್ತೇ ಎಂದು ಕೇಳುವವರಿಗೆ ಕಥೆಯೇ ಉತ್ತರ ಹೇಳುತ್ತದೆ. ಹಡಗಿನ ವೈದ್ಯನು ಈ ಆತುರವನ್ನು ಕಂಡು, ಕಪ್ತಾನನ ಬುದ್ಧಿ ಸ್ವಸ್ಥವಾಗಿದೆಯೇ ಎಂದು ಶಂಕಿಸುತ್ತಾನೆ. ಸೇನಾಪತಿಯನ್ನು ಕೂಡಿಕೊಳ್ಳುವವರೆಗೆ ಬಿಲ್ಲಿಯನ್ನು ಸೆರೆಯಲ್ಲಿಡುವುದೇ ಕ್ರಮವೆಂದು ಅವನಿಗೂ ಇತರ ಅಧಿಕಾರಿಗಳಿಗೂ ತೋರುತ್ತದೆ. ತೋರಿದರೂ ಯಾರೂ ಬಾಯಿಬಿಡುವುದಿಲ್ಲ. ಬಿಲ್ಲಿಯ ನಾಲಗೆ ಪ್ರಕೃತಿಯಿಂದ ಕಟ್ಟಿತ್ತು. ಇವರ ನಾಲಗೆ ಉದ್ಯೋಗದಿಂದ ಕಟ್ಟಿತ್ತು.

ಹಾಗಾದರೆ ಶಾಸನವೇ ಕೊಟ್ಟಿದ್ದ ಕಾಲಾವಕಾಶವನ್ನು ಕಪ್ತಾನನು ಏಕೆ ಬಳಸಲಿಲ್ಲ? ಇದಕ್ಕೆ ಉತ್ತರವನ್ನು ಮೆಲ್ವಿಲನು ತನ್ನ ಬಂಧುವರ್ಗದಲ್ಲಿಯೇ ಕಂಡಿದ್ದನು. ಕಥೆಯಲ್ಲಿ ಆತನು ಹೆಸರೆತ್ತಿ ಹೇಳುವ ಒಂದು ನಿಜಸಂಗತಿಯುಂಟು. ೧೮೪೨ರ ‘ಸೋಮರ್ಸ್’ ಪ್ರಕರಣವೇ ಅದು.

‘ಸೋಮರ್ಸ್’ ಅಮೆರಿಕದ ನೌಕಾಪಡೆಯ ಎರಡು ಕೂವೆಗಳ ಚಿಕ್ಕ ಹಡಗು. ಹುಡುಗರಿಗೆ ನಾವಿಕವಿದ್ಯೆಯನ್ನು ಕಲಿಸಲೆಂದು ಹೊರಟಿತ್ತು. ಅದರಲ್ಲಿದ್ದ ಸುಮಾರು ೧೨೦ ಮಂದಿಯಲ್ಲಿ ಹೆಚ್ಚಿನವರು ಮೀಸೆ ಮೂಡದವರು. ಆಫ್ರಿಕದ ಕರಾವಳಿಯಿಂದ ಹಿಂದಿರುಗುತ್ತಿದ್ದಾಗ, ಫಿಲಿಪ್ ಸ್ಪೆನ್ಸರ್ ಎಂಬ ೧೯ ವರ್ಷದ ಕಿರಿಯ ಅಧಿಕಾರಿಯು ಹಡಗನ್ನು ಹಿಡಿದು ಕಡಲ್ಗಳ್ಳತನ ಮಾಡಲು ಸಂಚು ಹೂಡಿದ್ದಾನೆಂದು ದೂರು ಬಂದಿತು. ಸ್ಪೆನ್ಸರನು ಆಗ ಅಮೆರಿಕದ ಯುದ್ಧಮಂತ್ರಿಯಾಗಿದ್ದ ಜಾನ್ ಸ್ಪೆನ್ಸರನ ಮಗ. ಅವನ ಬಳಿ ಗ್ರೀಕ್ ಲಿಪಿಯಲ್ಲಿ ಕೆಲವು ಹೆಸರುಗಳನ್ನು ಬರೆದ ಚೀಟಿ ಸಿಕ್ಕಿತು. ತಾನು ತಮಾಷೆಗೆ ಮಾಡಿದೆನೆಂದು ಅವನು ಹೇಳಿದನು. ಕಪ್ತಾನ ಅಲೆಕ್ಸಾಂಡರ್ ಸ್ಲೈಡೆಲ್ ಮ್ಯಾಕೆಂಜಿಯು ನಂಬಲಿಲ್ಲ. ನವೆಂಬರ್ ೨೬ರಂದು ಅವನಿಗೆ ಬೇಡಿ ಬಿದ್ದಿತು. ಅವನ ಹಿಂದೆಯೇ ಕ್ರಾಮ್‌ವೆಲ್, ಸ್ಮಾಲ್ ಎಂಬ ಇಬ್ಬರು ನಾವಿಕರಿಗೂ ಬಿದ್ದಿತು. ಈ ಕ್ರಾಮ್‌ವೆಲನ ಹೆಸರು ಚೀಟಿಯಲ್ಲಿ ಇರಲೇ ಇಲ್ಲ.

ಕಪ್ತಾನನು ತನ್ನ ಅಧಿಕಾರಿಗಳ ಸಭೆಯನ್ನು ಕರೆದನು. ಆರೋಪಿಗಳನ್ನು ಆ ಸಭೆಯ ಮುಂದೆ ತರಲಿಲ್ಲ. ಅವರ ಪರವಾಗಿ ಮಾತನಾಡುವವರೂ ಇರಲಿಲ್ಲ. ಡಿಸೆಂಬರ್ ೧ರಂದು ಮೂವರನ್ನೂ ಹಾಯಿಯ ಅಡ್ಡಮರಕ್ಕೆ ನೇಣುಹಾಕಿದರು. ಹಡಗು ಸೇಂಟ್ ಥಾಮಸ್ ಬಂದರವನ್ನು ಮುಟ್ಟಿದ್ದು ಅದಾದ ಕೆಲವೇ ದಿನಗಳಲ್ಲಿ. ಆ ಕೆಲವು ದಿನ ತಡೆದಿದ್ದರೆ ಮೂರು ಜೀವಗಳು ದಡದ ನ್ಯಾಯಾಧೀಶರ ಕೈಗೆ ಸೇರುತ್ತಿದ್ದುವು. ನ್ಯೂಯಾರ್ಕಿನಲ್ಲಿ ದೊಡ್ಡ ಕೋಲಾಹಲವೆದ್ದಿತು; ಕಾದಂಬರಿಕಾರ ಫೆನಿಮೋರ್ ಕೂಪರನು ಕಪ್ತಾನನನ್ನು ಖಂಡಿಸಿ ಬರೆದನು. ಆದರೆ ೧೮೪೩ರಲ್ಲಿ ಸೈನಿಕ ನ್ಯಾಯಸಭೆಯು ಮ್ಯಾಕೆಂಜಿಯನ್ನು ದೋಷಮುಕ್ತನನ್ನಾಗಿ ಮಾಡಿ ಬಿಟ್ಟಿತು. ಹುಡುಗರನ್ನು ಹೀಗೆ ನೇರವಾಗಿ ಕಡಲಿಗೆ ತಳ್ಳಬಾರದೆಂಬ ಅರಿವು ಬಲವಾಗಿ, ೧೮೪೫ರಲ್ಲಿ ಅನಾಪೊಲಿಸಿನಲ್ಲಿ ನೌಕಾವಿದ್ಯಾಲಯವು ಸ್ಥಾಪಿತವಾದುದಕ್ಕೆ ಈ ಪ್ರಕರಣವೂ ಒಂದು ಕಾರಣವಾಯಿತು.

ಆ ಅಧಿಕಾರಿಗಳ ಸಭೆಗೆ ಮುಖ್ಯನಾಗಿದ್ದವನು ಹಡಗಿನ ಮೊದಲನೆಯ ಲೆಫ್ಟಿನೆಂಟ್ ಗರ್ಟ್ ಗಾನ್ಸ್‌ವೋರ್ಟ್. ಆತನು ಮೆಲ್ವಿಲನ ಸೋದರಮಾವನ ಮಗ. ಸಭೆಯವರು ಮೊದಲು ಮರಣದಂಡನೆಗೆ ಒಪ್ಪಲಿಲ್ಲವೆಂದೂ ಕಪ್ತಾನನು ಅವರನ್ನು ಮತ್ತೆ ಮತ್ತೆ ಒತ್ತಾಯಿಸಿದನೆಂದೂ ಥರ್ಲೋ ವೀಡ್ ಎಂಬ ರಾಜಕಾರಣಿಯು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆ ಗ್ರಂಥ ಹೊರಬಂದುದು ೧೮೮೩ರಲ್ಲಿ. ೧೮೮೮ರಲ್ಲಿಯೂ ಮರುವರ್ಷವೂ ಅಮೆರಿಕದ ಮಾಸಪತ್ರಿಕೆಗಳು ಈ ಹಳೆಯ ಪ್ರಕರಣವನ್ನು ಮತ್ತೆ ಕೆದಕಿದುವು. ವೃದ್ಧ ಮೆಲ್ವಿಲನ ಮೇಜಿನ ಮೇಲೆ ಬಿಲ್ಲಿಯ ಕಥೆ ಬೆಳೆಯುತ್ತಿದ್ದುದು ಆ ದಿನಗಳಲ್ಲಿಯೇ. ಮೂವರು ಅಧಿಕಾರಿಗಳು ಹಿಂಜರಿಯುವುದು, ಕಪ್ತಾನನು ಅವರನ್ನು ತನ್ನ ದಾರಿಗೆ ತರುವುದು, ಹಗ್ಗಕ್ಕೆ ಕೊರಳೊಡ್ಡಿದವನು ಹರಸಿ ಸಾಯುವುದು, ಇವೆಲ್ಲ ಎಲ್ಲಿಂದ ಬಂದುವೆಂದು ಊಹಿಸುವುದು ಕಷ್ಟವಲ್ಲ. ಸೋಮರ್ಸಿನಲ್ಲಿ ಸ್ಮಾಲನು ಸಾಯುವ ಮುನ್ನ ತನ್ನ ದೇಶದ ಧ್ವಜವನ್ನು ಹರಸಿದನೆಂದು ಮ್ಯಾಕೆಂಜಿಯ ವರದಿಯೇ ಹೇಳುತ್ತದೆ.

ಮೆಲ್ವಿಲನು ಈ ಪ್ರಶ್ನೆಯನ್ನು ದಡದಲ್ಲಿ ಕುಳಿತು ಕೇಳಿದವನಲ್ಲ. ಸೋಮರ್ಸಿನ ಮೂವರು ಸತ್ತ ೧೮೪೨ರಲ್ಲಿಯೇ, ೨೩ ವರ್ಷದ ಅವನು ದಕ್ಷಿಣ ಸಮುದ್ರದಲ್ಲಿ ‘ಲೂಸಿ ಆನ್’ ಎಂಬ ತಿಮಿಂಗಿಲಬೇಟೆಯ ಹಡಗಿನಲ್ಲಿ ಕೆಲಸ ಮಾಡಲೊಲ್ಲೆವೆಂದು ನಿಂತ ನಾವಿಕರಲ್ಲಿ ಒಬ್ಬನಾಗಿ, ಟಹೀಟಿ ದ್ವೀಪದಲ್ಲಿ ಸೆರೆಯನ್ನು ಅನುಭವಿಸಿದನು. ೧೮೪೩ರ ಆಗಸ್ಟಿನಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎಂಬ ಯುದ್ಧನೌಕೆಗೆ ಸೇರಿ, ೧೮೪೪ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಇಳಿದನು. ಆ ಹದಿನಾಲ್ಕು ತಿಂಗಳುಗಳಲ್ಲಿ ಹಡಗಿನ ದಿನಚರಿಯ ಪುಸ್ತಕದಲ್ಲಿ ದಾಖಲಾದ ಚಾವಟಿಯ ಶಿಕ್ಷೆಗಳು ೧೬೩. ಪ್ರತಿಯೊಂದು ಸಲವೂ ಹಡಗಿನ ಜನರೆಲ್ಲರೂ ನಿಂತು ನೋಡಬೇಕೆಂದು ಕಟ್ಟಳೆ. ಈ ಅನುಭವವನ್ನು ಆತನು ೧೮೫೦ರಲ್ಲಿ ‘ವೈಟ್ ಜಾಕೆಟ್’ ಎಂಬ ಕಾದಂಬರಿಯಲ್ಲಿ ಬರೆದನು. ಚಾವಟಿಯನ್ನು ನೌಕಾಪಡೆಯಿಂದ ತೆಗೆದುಹಾಕಬೇಕೆಂಬ ಚಳವಳಿ ಆಗ ದೇಶದಲ್ಲಿ ಬಲವಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ ೨೮ರಂದು ಅಮೆರಿಕದ ಶಾಸನಸಭೆಯು ಆ ಶಿಕ್ಷೆಯನ್ನು ರದ್ದುಮಾಡಿತು. ಶಾಸನವೆಂಬುದು ಆಕಾಶದಿಂದ ಇಳಿದುಬಂದುದಲ್ಲ, ಮನುಷ್ಯರು ಬರೆದುದನ್ನು ಮನುಷ್ಯರು ಅಳಿಸಬಲ್ಲರು ಎಂಬುದನ್ನು ತರುಣ ಮೆಲ್ವಿಲನು ಕಣ್ಣಾರೆ ಕಂಡನು.

ಆದರೆ ಮರುವರ್ಷವೇ ಆತನು ಇದಕ್ಕೆ ವ್ಯತಿರಿಕ್ತವಾದ ಇನ್ನೊಂದನ್ನು ಕಂಡನು. ಆತನ ಮಾವ, ಹೆಂಡತಿಯ ತಂದೆ, ಲೆಮ್ಯುಯೆಲ್ ಷಾ ಮ್ಯಾಸಚುಸೆಟ್ಸ್ ಪ್ರಾಂತದ ಮುಖ್ಯ ನ್ಯಾಯಾಧೀಶ. ಗುಲಾಮಗಿರಿಯು ಅಧರ್ಮವೆಂದು ಬಲ್ಲವನು. ೧೮೩೬ರಲ್ಲಿ, ಒಡತಿಯೊಡನೆ ಬಾಸ್ಟನ್ನಿಗೆ ಬಂದಿದ್ದ ಮೆಡ್ ಎಂಬ ಆರು ವರ್ಷದ ಗುಲಾಮ ಹುಡುಗಿಗೆ ಸ್ವಾತಂತ್ರ್ಯವನ್ನು ಕೊಟ್ಟವನು ಅವನೇ. ೧೮೫೦ರಲ್ಲಿ, ಓಡಿಬಂದ ಗುಲಾಮರನ್ನು ಹಿಡಿದುಕೊಡಬೇಕೆಂಬ ಕಠೋರ ಶಾಸನ ಹುಟ್ಟಿತು. ೧೮೫೧ರ ಏಪ್ರಿಲಿನಲ್ಲಿ ಜಾರ್ಜಿಯದಿಂದ ತಪ್ಪಿಸಿಕೊಂಡು ಬಂದಿದ್ದ ಥಾಮಸ್ ಸಿಮ್ಸ್ ಎಂಬ ತರುಣನು ಬಾಸ್ಟನ್ನಿನಲ್ಲಿ ಸೆರೆಯಾದನು. ಜನರು ನುಗ್ಗಿ ಅವನನ್ನು ಬಿಡಿಸಿಯಾರೆಂದು ನ್ಯಾಯಾಲಯದ ಸುತ್ತಲೂ ಕಬ್ಬಿಣದ ಸರಪಳಿಯನ್ನು ಕಟ್ಟಿದ್ದರು. ಮುಖ್ಯ ನ್ಯಾಯಾಧೀಶನು ಆ ಸರಪಳಿಯ ಕೆಳಗೆ ಬಗ್ಗಿ ಒಳಗೆ ಹೋದನು. ಸಿಮ್ಸನ ಬಿಡುಗಡೆಯ ಅರ್ಜಿಯನ್ನು ಶಾಸನದ ಹೆಸರಿನಲ್ಲಿ ತಳ್ಳಿಹಾಕಿದನು. ಬೆಳಗಿನ ಜಾವದ ಕತ್ತಲೆಯಲ್ಲಿ ಸಿಮ್ಸನನ್ನು ಹಡಗು ಹತ್ತಿಸಿ ಸವಾನಾ ಪಟ್ಟಣಕ್ಕೆ ಒಯ್ದರು. ಅಲ್ಲಿ ಬಹಿರಂಗವಾಗಿ ಅವನ ಬೆನ್ನಿನ ಮೇಲೆ ೩೯ ಏಟುಗಳು ಬಿದ್ದುವು. ೧೮೬೩ರಲ್ಲಿ, ಅಂತರ್ಯುದ್ಧದ ನಡುವೆ, ಅವನು ಎರಡನೆಯ ಸಲ ತಪ್ಪಿಸಿಕೊಂಡು ಸ್ವತಂತ್ರನಾದನು.

ಕಪ್ತಾನ ವೀರನಲ್ಲಿ ಈ ಷಾನ ಛಾಯೆಯುಂಟೆಂದು ರಾಬರ್ಟ್ ಕವರ್ ಎಂಬ ನ್ಯಾಯಶಾಸ್ತ್ರಜ್ಞನು ೧೯೭೫ರ ತನ್ನ ಗ್ರಂಥದಲ್ಲಿ ಸೂಚಿಸಿದ್ದಾನೆ. ಹೋಲಿಕೆ ನಿಜವಾಗಿ ಆಳವಾದುದು. ಇಬ್ಬರೂ ದುಷ್ಟರಲ್ಲ, ಓದಿದವರು, ಮರುಗುವ ಹೃದಯವುಳ್ಳವರು. ಕಥೆಯ ಕಪ್ತಾನನು ಸಭೆಯ ಮುಂದೆ ಮಾಡುವ ವಾದದ ತಿರುಳಿದು: ಮೈಮೇಲೆ ದೊರೆಯ ಸಮವಸ್ತ್ರವನ್ನು ಧರಿಸಿದಂದಿನಿಂದ ನಾವಿಕನು ತನ್ನ ಹೃದಯಕ್ಕೆ ಸೇರಿದವನಲ್ಲ; ಶಾಸನವು ಕಠೋರವಾದರೆ ಅದರ ಹೊಣೆ ಬರೆದವರದು, ನಡಸುವವರದಲ್ಲ. ಆಜ್ಞಾಧಾರಕರು ಎಲ್ಲ ಕಾಲದಲ್ಲಿಯೂ ನೆಮ್ಮದಿಯ ನಿದ್ರೆಗಾಗಿ ಆಶ್ರಯಿಸುವ ಮಾತಿದು. ಆದರೆ ಷಾ ಬಗ್ಗಿದ್ದು ನಿಜವಾಗಿ ಇದ್ದ ಒಂದು ಶಾಸನಕ್ಕೆ. ಅದಕ್ಕೆ ಬಗ್ಗಲಾರದವನು ಪೀಠವನ್ನು ಬಿಟ್ಟು ಇಳಿಯಬಹುದಾಗಿತ್ತು ಎಂಬ ಆಕ್ಷೇಪಣೆ ಅವನ ಮೇಲೆ ನಿಲ್ಲುತ್ತದೆ. ಶಾಸನವನ್ನು ಮೀರಿದನೆಂಬ ಆಕ್ಷೇಪಣೆ ನಿಲ್ಲುವುದಿಲ್ಲ. ವೀರನೂ ಮ್ಯಾಕೆಂಜಿಯೂ ಹಾಗಲ್ಲ. ಅವರು ಶಾಸನದ ಹೆಸರನ್ನು ಹೇಳಿದರು. ಪಾಲಿಸಿದ್ದು ತಮ್ಮ ಭಯವನ್ನು. ಶಾಸನವು ನಿಲ್ಲು, ಕೇಳು, ಮೇಲಿನವರಿಗೆ ತಿಳಿಸು ಎಂದಲ್ಲಿ, ಭಯವು ಈಗಲೇ, ಸೂರ್ಯೋದಯಕ್ಕೆ ಮುಂಚೆಯೇ ಎಂದಿತು. ಬಿಲ್ಲಿಯನ್ನು ಕೊಂದುದು ಕಠೋರವಾದ ಕಟ್ಟಳೆಯೆನ್ನುವುದಕ್ಕಿಂತ ಆ ಕಟ್ಟಳೆಯಲ್ಲಿದ್ದ ತಾಳ್ಮೆಯನ್ನು ತೆಗೆದುಹಾಕಿದ ಆತುರವೆನ್ನುವುದು ಹೆಚ್ಚು ಸರಿ.

ಹಾಗೆಂದು ಮೆಲ್ವಿಲನು ಕಪ್ತಾನನನ್ನು ರಾಕ್ಷಸನನ್ನಾಗಿ ಚಿತ್ರಿಸಲಿಲ್ಲ. ಹಡಗಿನ ಹೊರಗೆ ಶತ್ರು, ಒಳಗೆ ಕುದಿಯುವ ಜನ, ಎರಡರ ನಡುವೆ ನಿಂತವನ ಸಂಕಟವನ್ನು ಆತನು ಅರಿತಿದ್ದನು. ತೀರ್ಪಿನ ಬಳಿಕ ಕಪ್ತಾನನೂ ಬಿಲ್ಲಿಯೂ ಏಕಾಂತದಲ್ಲಿ ಏನು ಮಾತನಾಡಿದರೆಂಬುದನ್ನು ಕಥೆಯು ಹೇಳುವುದಿಲ್ಲ, ಬಾಗಿಲನ್ನು ಮುಚ್ಚಿಬಿಡುತ್ತದೆ. ಹೊರಬಂದ ಕಪ್ತಾನನ ಮುಖದಲ್ಲಿ, ಸಾಯಬೇಕಾದವನಿಗಿಂತ ಹೆಚ್ಚಿನ ಯಾತನೆ ಕಾಣುತ್ತಿತ್ತೆಂದು ಮಾತ್ರ ಹೇಳುತ್ತದೆ. ಕೆಲವು ದಿನಗಳ ಮೇಲೆ ಫ್ರೆಂಚರೊಡನೆ ನಡೆದ ಕಾಳಗದಲ್ಲಿ ಗುಂಡು ತಗಲಿ, ಕಪ್ತಾನನು ಜಿಬ್ರಾಲ್ಟರಿನಲ್ಲಿ ಕೊನೆಯುಸಿರೆಳೆಯುತ್ತಾನೆ. ಸಾಯುವಾಗ ಅವನ ತುಟಿಯ ಮೇಲೆ ಇದ್ದುದು ಬಿಲ್ಲಿಯ ಹೆಸರು. ಅದು ಪಶ್ಚಾತ್ತಾಪದ ಧ್ವನಿಯಾಗಿರಲಿಲ್ಲವೆಂದು ಕಥೆಯಲ್ಲಿ ಬರೆದಿದೆ; ಮತ್ತೇನಾಗಿತ್ತೆಂದು ಬರೆದಿಲ್ಲ.

ಸರ್ಕಾರದ ಲೇಖನಿಯಾದರೋ ಇಷ್ಟು ಸಂಕೋಚಪಡಲಿಲ್ಲ. ಕಥೆಯ ಕೊನೆಯಲ್ಲಿ ನೌಕಾಪಡೆಯ ಸಮಾಚಾರಪತ್ರಿಕೆಯೊಂದರ ವರದಿ ಬರುತ್ತದೆ. ಅದರ ಪ್ರಕಾರ ಬಿಲ್ಲಿ ದಂಗೆಕೋರರ ನಾಯಕ. ಸಜ್ಜನನಾದ ಕ್ಲಾಗರ್ಟನನ್ನು ಚೂರಿಯಿಂದ ಇರಿದು ಕೊಂದವನು. ಚರಿತ್ರೆಯ ಕಡತದಲ್ಲಿ ಉಳಿದುದು ಈ ಸುಳ್ಳು. ನಿಜವನ್ನು ಉಳಿಸಿಕೊಂಡವರು ಓದುಬರಹವಿಲ್ಲದ ನಾವಿಕರು. ಅವರಲ್ಲೊಬ್ಬನು ಬಿಲ್ಲಿಯ ಮೇಲೆ ಒಂದು ಲಾವಣಿ ಕಟ್ಟಿದನು. ಬಿಲ್ಲಿಯನ್ನು ತೂಗಿಸಿದ್ದ ಅಡ್ಡಮರವು ಹಡಗಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಇನ್ನೊಂದೆಡೆಗೆ ಹೋದಂತೆಲ್ಲ, ಅದು ಎಲ್ಲಿದೆಯೆಂಬುದನ್ನು ಅವರು ವರ್ಷಗಳವರೆಗೆ ವಿಚಾರಿಸಿ ತಿಳಿದುಕೊಳ್ಳುತ್ತಿದ್ದರು. ಅದರ ಒಂದು ಚೂರು ಸಿಕ್ಕಿದರೆ ಯೇಸುವಿನ ಶಿಲುಬೆಯ ಚೂರೆಂಬಂತೆ ಕಾಪಾಡಿಕೊಳ್ಳುತ್ತಿದ್ದರು. ಆ ದಿನ ಬೆಳಗಿನ ಜಾವ ಹಡಗಿನ ಅಟ್ಟದ ಮೇಲೆ ಸಾಲುಗಟ್ಟಿ, ತುಟಿಪಿಟಕ್ಕೆನ್ನದೆ ಆಜ್ಞೆಗೆ ಬಾಗಿ ನಿಂತಿದ್ದವರೂ ಅವರೇ.